ಇಬ್ಬರೂ ಹತ್ತದ ಲಿಫ್ಟು

ಊರಿಗೆ ಹೊರಡಲು ಇನ್ನು ನಾಲ್ಕೇ ದಿನ ಬಾಕಿ ಇತ್ತು. ಐದನೇ ಮಹಡಿಯ ಬಾಡಿಗೆ ಮನೆಯಲ್ಲಿ ಹೆಂಡತಿ ನೆಲದ ಮೇಲೆ ಕಾಲು ಚಾಚಿ ಕೂತು ಸೂಟ್‌ಕೇಸಿಗೆ ಬಟ್ಟೆ ಜೋಡಿಸುತ್ತಿದ್ದಳು. ಗಂಡ ಮುಂಬಾಗಿಲಿಗೆ ಕಿವಿ ಹಚ್ಚಿಕೊಂಡು, ಪಕ್ಕದ ಮನೆಯ ಜಗಳ ಕೇಳುವವನ ಹಾಗೆ ನಿಂತಿದ್ದ.

“ಮತ್ತೆ ಕೇಳಿಸ್ತಾ?” ಅಂದಳು ಅವಳು, ತಲೆ ಎತ್ತದೆ.

“ಮೂರನೇ ಮಹಡಿ ದಾಟೋವಾಗ ಬಾಗಿಲು ಹಲ್ಲು ಕಡೀತಿದೆ ಕಣೇ. ಇವತ್ತೋ ನಾಳೆಯೋ ಲಿಫ್ಟು ನಿಂತೇ ಹೋಗುತ್ತೆ, ನೋಡ್ತಿರು.”

“ನಿಲ್ಲಲಿ ಬಿಡ್ರಿ. ಅದನ್ನ ನೋಡ್ಕೊಳ್ಳೋಕೆ ಈ ಊರಲ್ಲೂ ಒಬ್ಬ ಲಿಫ್ಟಪ್ಪ ಇರ್ತಾನೆ. ಪಾಪ, ಅವನ ಹೆಂಡ್ತಿ.”

ಲಿಫ್ಟಪ್ಪ ಅನ್ನುವುದು ಅವನ ಹೆಸರಲ್ಲ. ಹೆಸರು ಸರ್ಕಾರಿ ಕಾಗದಗಳಲ್ಲಿ ಭದ್ರವಾಗಿತ್ತು, ಅಲ್ಲಿಂದ ಹೊರಗೆ ಬಂದದ್ದು ಕಡಿಮೆ. ಊರಿನ ಅರ್ಧಕ್ಕರ್ಧ ಲಿಫ್ಟುಗಳನ್ನು ಮೂವತ್ತೊಂದು ವರ್ಷ ಮಕ್ಕಳ ಹಾಗೆ ನೋಡಿಕೊಂಡವನನ್ನು ಜನ ಇನ್ನೇನಂತ ಕರೆದಾರು? ಮಕ್ಕಳ ಹಾಗೆ ಅಂದೆ. ಮನೆಯಲ್ಲಿದ್ದ ಒಬ್ಬಳೇ ಮಗಳನ್ನು ಅಷ್ಟು ನೋಡಿಕೊಂಡಿದ್ದನೋ ಇಲ್ಲವೋ, ಅದು ಬೇರೆ ಮಾತು. ಅವಳು ಬೆಳೆದು ಮದುವೆಯಾಗಿ ಅದೇ ಊರಿನ ಇನ್ನೊಂದು ಬೀದಿಗೆ ಹೋದಳು. ಅಪ್ಪನನ್ನು ನೋಡಬೇಕು ಅನ್ನಿಸಿದರೆ ತನ್ನ ಕಟ್ಟಡದ ಲಿಫ್ಟು ಕೆಡಬೇಕು ಅಂತ ಈಗಲೂ ತಮಾಷೆ ಮಾಡುತ್ತಾಳೆ.

ಮನುಷ್ಯನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಎಡಗೈ ಒಂದು ಜೇಬಿನಲ್ಲಿ, ಬಲಗೈ ಇನ್ನೊಂದು ಜೇಬಿನಲ್ಲಿ ತಡಕಾಡುತ್ತಿತ್ತು, ಒಂದು ಸ್ಕ್ರೂಡ್ರೈವರು ಸಿಕ್ಕಿದರೆ ಸಮಾಧಾನ. ಈ ಪರದೇಶದ ಪ್ರವಾಸಕ್ಕೆ ಹೊರಟ ದಿನವೇ ವಿಮಾನ ನಿಲ್ದಾಣದಲ್ಲಿ ಅದನ್ನು ಕಿತ್ತುಕೊಂಡರು. ಮೊದಲ ಊರಿನಲ್ಲಿ ಇಳಿದು ಎರಡನೇ ದಿನವೇ ಇನ್ನೊಂದು ಕೊಂಡ. ಮುಂದಿನ ವಿಮಾನಕ್ಕೆ ಅದೂ ಹೋಯಿತು. ಹೀಗೆ ಈ ತೊಂಬತ್ತೆರಡು ದಿನಗಳಲ್ಲಿ ಐದು ಸ್ಕ್ರೂಡ್ರೈವರುಗಳನ್ನು ಬೇರೆ ಬೇರೆ ದೇಶದ ಸರ್ಕಾರಗಳಿಗೆ ದಾನ ಮಾಡಿ, ಆರನೆಯದನ್ನು ಈಗ ಅಂಗಿಯ ಜೇಬಿನಲ್ಲಿ ಸಿಕ್ಕಿಸಿಕೊಂಡಿದ್ದ.

ಇನ್ನು ಹೆಂಡತಿ. ಅವಳನ್ನು ಊರು ಫೋನಮ್ಮ ಅನ್ನುತ್ತಿತ್ತು. ಅವನು ನೋಡಿಕೊಳ್ಳುವ ಪ್ರತಿಯೊಂದು ಲಿಫ್ಟಿನ ಒಳಗೂ ಕೆಂಪು ಅಕ್ಷರದಲ್ಲಿ ಒಂದು ಫೋನ್ ನಂಬರು ಬರೆದಿರುತ್ತಿತ್ತು, ಅದು ಅವರ ಮನೆಯ ನಂಬರು. ಲಿಫ್ಟು ನಿಂತರೆ ಒಳಗಿದ್ದವರು ಅಲ್ಲೇ ಗೋಡೆಗಿದ್ದ ಫೋನಿನಿಂದ ಅದಕ್ಕೆ ಮಾಡುತ್ತಿದ್ದರು, ಅವಳು ಎತ್ತುತ್ತಿದ್ದಳು. ಗಂಡ ಊರಿನ ಯಾವುದೋ ತುದಿಯಿಂದ ಸ್ಕೂಟರಿನಲ್ಲಿ ಬಂದು ಬಾಗಿಲು ತೆಗೆಯುವ ತನಕ ಅಲ್ಲಿ ಸಿಕ್ಕಿಕೊಂಡವರನ್ನು ಮಾತಿನಲ್ಲಿ ಹಿಡಿದಿಡುವುದು ಅವಳ ಪಾಲಿನ ಕೆಲಸ. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಮದುವೆಯಾದ ಆರನೇ ತಿಂಗಳಲ್ಲಿ ಒಬ್ಬ ಹೆಂಗಸು ಆಚೆಯಿಂದ ಗೊಳೋ ಅಂತ ಅತ್ತಳು, ಇವಳು ಫೋನು ಇಡಲಿಲ್ಲ. ಅಲ್ಲಿಂದ ಶುರು.

ಅವಳದೇ ಒಂದು ಪದ್ಧತಿ ಬೆಳೆಯಿತು. ಮೊದಲು ಹೆಸರು ಕೇಳುವುದು. ಆಮೇಲೆ ನೆಲದ ಮೇಲೆ ಕೂರಿಸುವುದು, ಬಾಗಿಲು ಮುಟ್ಟದ ಹಾಗೆ ನೋಡಿಕೊಳ್ಳುವುದು. ಆಮೇಲೆ ಒಂದು ಪ್ರಶ್ನೆ: “ಮನೆಗೆ ಹೋದ ತಕ್ಷಣ ಮೊದಲು ಏನು ಮಾಡ್ತೀರಿ?” ಎಂಥ ಹೆದರಿದವರೂ ಅದಕ್ಕೆ ಉತ್ತರ ಹುಡುಕುತ್ತಾ ಸ್ವಲ್ಪ ತಣ್ಣಗಾಗುತ್ತಿದ್ದರು. ಒಬ್ಬರು ಸ್ನಾನ ಅನ್ನುತ್ತಿದ್ದರು, ಒಬ್ಬರು ಮಗುವನ್ನು ಎತ್ತಿಕೊಳ್ಳುತ್ತೇನೆ ಅನ್ನುತ್ತಿದ್ದರು, ಒಬ್ಬ ಮುದುಕ ಹೆಂಡತಿಯ ಹತ್ತಿರ ಕ್ಷಮೆ ಕೇಳುತ್ತೇನೆ ಅಂದಿದ್ದನಂತೆ. ಬಾಗಿಲು ತೆರೆದ ಸದ್ದು ಕೇಳುವ ತನಕ ಫೋನು ಇಡುವ ಹಾಗಿಲ್ಲ, ಮಾತು ನಿಲ್ಲಿಸುವ ಹಾಗೂ ಇಲ್ಲ. ಬಾಗಿಲು ತೆರೆದ ಮೇಲೆ ಯಾರೂ ಅವಳಿಗೆ ಥ್ಯಾಂಕ್ಸ್ ಹೇಳುತ್ತಿರಲಿಲ್ಲ. ಎದುರಿಗೆ ನಿಂತ ಲಿಫ್ಟಪ್ಪನ ಕೈ ಹಿಡಿದು ಕುಲುಕುತ್ತಿದ್ದರು. ಅವನೂ ಕುಲುಕಿಸಿಕೊಂಡು, ಎದೆಯುಬ್ಬಿಸಿ ಮನೆಗೆ ಬರುತ್ತಿದ್ದ.

ಈ ಫೋನಿನಿಂದಾಗಿ ಗಂಡ ಹೆಂಡತಿ ಒಟ್ಟಿಗೆ ಎಲ್ಲಿಗೂ ಹೋದವರಲ್ಲ. ಮದುವೆ ಮನೆಗೆ ಅವನು ಹೋದರೆ ಅವಳು ಮನೆಯಲ್ಲಿ, ಅವಳು ಹೋದರೆ ಅವನು. ಇಬ್ಬರೂ ಒಂದೇ ಲಿಫ್ಟು ಹತ್ತಿದ್ದೇ ಇಲ್ಲ. “ಇಬ್ರೂ ಒಳಗೆ ಸಿಕ್ಕಿಹಾಕ್ಕೊಂಡ್ರೆ ಫೋನ್ ಎತ್ತೋರು ಯಾರು?” ಅಂತ ಅವನು ಮೊದಲ ವರ್ಷವೇ ಹೇಳಿದ್ದ, ಅದು ಮನೆಯ ಕಾನೂನಾಯಿತು, ಈ ಪ್ರವಾಸದಲ್ಲೂ ಅದನ್ನು ಮುರಿದಿರಲಿಲ್ಲ. ಮೊಬೈಲು ಬಂದಾಗ ಅವಳು ಇನ್ನು ಬಿಡುಗಡೆ ಅಂದುಕೊಂಡಳು. ಬಿಡುಗಡೆ ಎಲ್ಲಿಂದ? ಮೊದಲು ಹಾಲ್‌ನಲ್ಲಿ ಕೂತಿದ್ದ ಫೋನು ಈಗ ಅಡುಗೆಮನೆಗೂ ಬಚ್ಚಲಿಗೂ ತರಕಾರಿ ಅಂಗಡಿಗೂ ಬೆನ್ನು ಹತ್ತಿತು.

ಅವನಿಗೆ ಅರವತ್ತೆರಡು ತುಂಬಿದಾಗ ಲಿಫ್ಟು ರಿಪೇರಿಯ ಅಂಗಡಿ ಮುಚ್ಚುವುದು ಅಂತಾಯಿತು. ಈ ಪ್ರವಾಸದ ದಾರಿ ಹಾಕಿಕೊಟ್ಟವಳೂ ಹಿಂದೊಮ್ಮೆ ಲಿಫ್ಟಿನಲ್ಲಿ ಸಿಕ್ಕಿಕೊಂಡವಳೇ. ಟ್ರಾವೆಲ್ಸ್ ನಡೆಸುವ ಹೆಂಗಸು, ಒಂದೂವರೆ ಗಂಟೆ ಒಳಗೆ ಕೂತು ಫೋನಮ್ಮನಿಗೆ ಒಂದು ಸರೋವರದ ಕಥೆ ಹೇಳಿದ್ದಳು. ಆ ಸರೋವರವೇ ಈ ಕೊನೆಯ ಊರು. ಹೊರಡುವ ದಿನ ಫೋನಮ್ಮ ಆ ಮೊಬೈಲನ್ನು ಬಂದ್ ಮಾಡಿ, ಹಳೇ ಕರ್ಚೀಫಿನಲ್ಲಿ ಸುತ್ತಿ, ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು. ಬೀಗ ಹಾಕಿ, ಬೀರುವಿಗೆ ಬೆನ್ನು ಒರಗಿಸಿ ನಿಂತು ನಕ್ಕಳು. ಅಂಥ ನಗುವನ್ನು ಅವನು ಅವಳ ಮುಖದಲ್ಲಿ ಕಂಡದ್ದು ಅಪರೂಪ.

ಆ ನಗುವೇ ಈಗ ಅವನನ್ನು ಕಾಡುತ್ತಿತ್ತು. ಯಾಕೆಂದರೆ ಅದರ ಹಿಂದಿನ ಸಂಜೆ ಅವನು ಅವಳಿಗೆ ತಿಳಿಯದಂತೆ ಒಂದು ಕೆಲಸ ಮಾಡಿದ್ದ. ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅಂಗಡಿಗೆ ಬಂದಿದ್ದ. ಇನ್ನೂ ಮೂರು ವರ್ಷ ನಮ್ಮ ನಾಲ್ಕು ಲಿಫ್ಟು ನೀವೇ ನೋಡಿಕೊಳ್ಳಬೇಕು, ಬೇರೆಯವರ ಮೇಲೆ ನಮಗೆ ನಂಬಿಕೆ ಇಲ್ಲ ಅಂತ ಗೋಗರೆದ. ಲಿಫ್ಟಪ್ಪ ಹೂಂ ಅಂದು ಸಹಿ ಹಾಕಿಬಿಟ್ಟ. ನೀವು ಬರುವ ತನಕ ಹೇಗೋ ನಡೆಸುತ್ತೇವೆ, ಬಂದ ಸೋಮವಾರದಿಂದ ಶುರು, ನಂಬರು ಮಾತ್ರ ಅದೇ ಇರಲಿ ಅಂತ ಸೆಕ್ರೆಟರಿ ಹೇಳಿದ್ದಕ್ಕೂ ಹೂಂ ಅಂದ. ಮನೆಗೆ ಬಂದಾಗ ಹೆಂಡತಿ ಬೀರು ಖಾಲಿ ಮಾಡುತ್ತಿದ್ದಳು, ಹೇಳಲು ಬಾಯಿ ಬರಲಿಲ್ಲ. ವಿಮಾನದಲ್ಲಿ ಹೇಳೋಣ ಅಂದುಕೊಂಡ, ಅವಳು ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಹೀಗೆ ಮುಂದೂಡಿ ಮುಂದೂಡಿ ತೊಂಬತ್ತೆರಡು ದಿನ ಕಳೆದಿದ್ದವು. ಸೆಕ್ರೆಟರಿಯ ಮೆಸೇಜು ವಾರಕ್ಕೊಂದು ಬರುತ್ತಲೇ ಇತ್ತು: ಸಾರ್, ಸೋಮವಾರ ಗ್ಯಾರಂಟಿ ತಾನೆ?

ಅಲ್ಲ, ತೊಂಬತ್ತೆರಡು ದಿನದಲ್ಲಿ ಒಂದು ಮಾತು ಹೇಳಲಾಗದವನು ಎಂಥ ಗಂಡಸು ಅಂತ ನಿಮಗೆ ಅನ್ನಿಸಬಹುದು. ಅವನಿಗೂ ದಿನಾ ಹಾಗೇ ಅನ್ನಿಸುತ್ತಿತ್ತು. ಅವನು ನೋಡಿದ ದೇಶಗಳೆಲ್ಲ ಈಗ ತಲೆಯಲ್ಲಿ ಲಿಫ್ಟುಗಳಾಗಿ ಉಳಿದಿದ್ದವು. ಕಬ್ಬಿಣದ ಜಾಲರಿ ಬಾಗಿಲಿನ ಮುದಿ ಲಿಫ್ಟಿದ್ದ ಊರು, ಗಾಜಿನ ಲಿಫ್ಟಿದ್ದ ಊರು, ಲಿಫ್ಟೇ ಇಲ್ಲದೆ ಮಂಡಿ ನೋವು ತರಿಸಿದ ಊರು. ಅವಳಿಗೋ ಪ್ರತಿ ಊರೂ ಒಬ್ಬೊಬ್ಬ ಮನುಷ್ಯರಾಗಿ ನೆನಪಿತ್ತು. ಭಾಷೆ ಬರಲಿ ಬಿಡಲಿ, ಬಸ್ಸಿನಲ್ಲಿ ಪಕ್ಕ ಕೂತವಳ ಸೊಸೆ ಎಂಥವಳು ಅನ್ನುವ ತನಕ ತಿಳಿದುಕೊಂಡು ಇಳಿಯುತ್ತಿದ್ದಳು. ಇಷ್ಟು ಮಾತಿನವಳು ನನ್ನ ಹೆಂಡತಿ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅವಳು ಮಾತಾಡುತ್ತಿದ್ದಾಗ ಅವನು ಯಾವಾಗಲೂ ಸ್ಕೂಟರಿನ ಮೇಲಿರುತ್ತಿದ್ದ.

ಈ ಸರೋವರದ ಊರಿಗೆ ಬಂದ ಮೇಲಂತೂ ಅವಳು ಕೈಗೇ ಸಿಗಲಿಲ್ಲ. ನೆಲಮಹಡಿಯ ಮನೆಯೊಡತಿ ದಿನಾ ಬೆಳಗ್ಗೆ ಈಜಲು ಹೋಗುತ್ತಿದ್ದಳು. ಮೂರನೇ ದಿನ ಫೋನಮ್ಮನೂ ಟವೆಲು ಹಿಡಿದುಕೊಂಡು ಅವಳ ಹಿಂದೆ ಹೊರಟಳು. ಐವತ್ತೆಂಟರ ಹೆಂಗಸು, ಅಲ್ಲಿಯ ತನಕ ಬಕೆಟ್ಟಿಗಿಂತ ಆಳದ ನೀರಿಗೆ ಇಳಿದವಳಲ್ಲ. ಎರಡು ವಾರ ನೀರು ಕುಡಿದಳು, ಕೆಮ್ಮಿದಳು, ಬೈದುಕೊಂಡಳು. ಒಂದು ದಿನ ಮೈ ಸಡಿಲ ಬಿಟ್ಟು, ಮುಖ ಆಕಾಶಕ್ಕೆ ಮಾಡಿ ತೇಲಿಬಿಟ್ಟಳು. ಲಿಫ್ಟಪ್ಪ ದಡದಲ್ಲಿ ಅವಳ ಚಪ್ಪಲಿ, ಟವೆಲು, ಈ ಪ್ರವಾಸಕ್ಕೆಂದು ಕೊಂಡ ಹೊಸ ಮೊಬೈಲು ಹಿಡಿದುಕೊಂಡು ನಿಂತಿದ್ದ. ಅವಳ ಕಿವಿ ಎರಡೂ ನೀರಿನೊಳಗಿದ್ದವು. ಅವನು ಎರಡು ಸಲ ಕೂಗಿದರೂ ಅವಳಿಗೆ ಕೇಳಿಸಲಿಲ್ಲ.

“ಏನೂ ಕೇಳಿಸಲ್ಲ ರೀ ಅಲ್ಲಿ,” ಅಂದಿದ್ದಳು ಹೊರಗೆ ಬಂದು, ನಡುಗುತ್ತಾ, ಹಲ್ಲು ಬಿಟ್ಟುಕೊಂಡು. “ಏನೂ ಅಂದ್ರೆ ಏನೂ ಇಲ್ಲ. ಊರಿಗೆ ಹೋದ ಮೇಲೂ ಈಜ್ತೀನಿ. ಸೋಮವಾರದಿಂದ್ಲೇ. ಬೆಳಗ್ಗೆ ಹೆಂಗಸರಿಗೆ ಬೇರೆ ಕ್ಲಾಸ್ ಇದೆಯಂತೆ, ಮಗಳ ಹತ್ರ ಹೇಳಿ ಹೆಸರು ಬರೆಸಿದ್ದೂ ಆಯ್ತು.”

ಅವಳದೂ ಸೋಮವಾರ, ಅವನದೂ ಸೋಮವಾರ. ಅವತ್ತಿನಿಂದ ಅವನಿಗೆ ಕೂತರೆ ನಿಂತರೆ ಚಡಪಡಿಕೆ. ಸರೋವರದ ಬೆಂಚಿನ ಮೇಲೆ ಐದು ನಿಮಿಷ ಕೂತರೆ ಹೆಚ್ಚು. ಎದ್ದು ದೋಣಿಕಟ್ಟೆಯ ತನಕ ಹೋಗುತ್ತಿದ್ದ, ವಾಪಸು ಬರುತ್ತಿದ್ದ, ಮನೆಗೆ ಬಂದರೆ ಈ ಹಾಳು ಲಿಫ್ಟಿನ ಸದ್ದು.

“ಬ್ರೆಡ್ ಮುಗಿದಿದೆ,” ಅಂದಳು ಹೆಂಡತಿ ಸೂಟ್‌ಕೇಸಿನ ಮುಂದಿಂದ. “ಹೀಗೆ ಬಾಗಿಲಿಗೆ ಅಂಟ್ಕೊಂಡು ನಿಲ್ಲೋ ಬದಲು ಹೋಗಿ ತಗೊಂಡು ಬನ್ನಿ.”

ಅವನು ಮೆಟ್ಟಿಲಿಳಿದು ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಬ್ರೆಡ್ಡು ಮೇಜಿನ ಮೇಲಿಡುವುದು, ನೀರು ಕುಡಿಯುವುದು, ಹೇಳಿಬಿಡುವುದು. ನಾಲ್ಕು ದಿನ ಮುನಿಸಿಕೊಂಡರೂ ಪರವಾಗಿಲ್ಲ, ಊರಲ್ಲಿ ಮಗಳ ಎದುರಿಗೆ ರಾದ್ಧಾಂತ ಆಗುವುದು ಬೇಡ. ಹೀಗೆ ನಿರ್ಧಾರ ಮಾಡಿಕೊಂಡು ಬಂದವನು ಮೆಟ್ಟಿಲ ಕಡೆ ತಿರುಗಬೇಕಿತ್ತು. ಲಿಫ್ಟು ಬಾಗಿಲು ತೆರೆದುಕೊಂಡು ನಿಂತಿತ್ತು. ಒಂದೇ ಒಂದು ಸಲ ಒಳಗಿಂದ ಕೇಳಿ ನೋಡೋಣ ಅಂತ ಹತ್ತಿದ.

ಎರಡನೇ ಮಹಡಿ ದಾಟಿತು. ಬಾಗಿಲು ಎಡಕ್ಕೆ ಜೋತಿದೆಯೋ ಬಲಕ್ಕೋ ಅಂತ ತಿಳಿಯಬೇಕಾದರೆ ಮೂರನೇ ಮಹಡಿ ಬರುವಾಗ ಅದರ ಅಂಚಿಗೆ ಬೆರಳಿಟ್ಟು ನೋಡಬೇಕು. ಬೆರಳಿಟ್ಟ. ಕರ್ರ್ ಅಂದಿತು. ಅವನ ಬೆರಳು, ಮೂವತ್ತೊಂದು ವರ್ಷದ ಅಭ್ಯಾಸದ ಬೆರಳು, ಬಾಗಿಲನ್ನು ಒಂದು ಕೂದಲೆಳೆ ಆಚೆ ಸರಿಸಿತು. ಓಡುವ ಲಿಫ್ಟಿನ ಬಾಗಿಲು ಒಂದಿಷ್ಟು ಸರಿದರೂ ಲಿಫ್ಟು ನಿಲ್ಲಲೇಬೇಕು, ಹಾಗೆ ಮಾಡಿರುತ್ತಾರೆ. ನಿಂತಿತು. ಮೂರಕ್ಕೂ ನಾಲ್ಕಕ್ಕೂ ನಡುವೆ, ಎದುರಿಗೆ ಬರೀ ಗೋಡೆ.

ಬಾಗಿಲು ಮುಟ್ಟಬೇಡಿ ಅಂತ ಊರಿಗೆಲ್ಲ ಬೋರ್ಡು ಬರೆದು ಹಾಕಿದವನು ಇವನೇ!

ಮುಚ್ಚಿ ನೋಡಿದ, ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ಲಿಫ್ಟು ಕದಲಲಿಲ್ಲ. ಹಳೇ ಕಾಲದ್ದಾಗಿದ್ದರೆ ಬಾಗಿಲು ಮುಚ್ಚಿದ ಕೂಡಲೇ ಹೊರಡುತ್ತಿತ್ತು, ಇದು ಹೊಸದು, ಮೇಲಿನ ಯಂತ್ರದ ಕೋಣೆಗೆ ಯಾರಾದರೂ ಹೋಗಿ ಮತ್ತೆ ಚಾಲು ಮಾಡಬೇಕು. ಗಂಟೆಯ ಗುಂಡಿ ಒತ್ತಿದಾಗ ಯಾವುದೋ ದನಿ ಆ ಊರಿನ ಭಾಷೆಯಲ್ಲಿ ಏನೋ ಕೇಳಿತು, ಇವನು ಏನೋ ಹೇಳಿದ, ದನಿ ನಿಂತಿತು. ಸಾವಿರ ಸಲ ಹೊರಗೆ ನಿಂತು ‘ಇದರಲ್ಲಿ ಹೆದರೋದೇನಿದೆ’ ಅಂದವನು. ಒಳಗೆ ಸಿಕ್ಕಿಕೊಂಡದ್ದು ಇದೇ ಮೊದಲು. ಗೋಡೆಗಳು ಹತ್ತಿರ ಬಂದಂತಾಯಿತು. ಬ್ರೆಡ್ಡಿನ ಪೊಟ್ಟಣವನ್ನು ಎದೆಗವಚಿಕೊಂಡು ಅವನು ಹೆಂಡತಿಗೆ ಫೋನ್ ಮಾಡಿದ.

“ಲೇ, ನಾನು... ಲಿಫ್ಟಲ್ಲಿ...”

“ಎಷ್ಟನೇ ಮಹಡಿ?” ಅವಳು ಅಯ್ಯೋ ಅನ್ನಲಿಲ್ಲ, ನಗಲಿಲ್ಲ, ಯಾಕೆ ಹತ್ತಿದಿರಿ ಅಂತಲೂ ಕೇಳಲಿಲ್ಲ.

“ಮೂರರ ಮೇಲೆ.”

“ಲೈಟ್ ಇದೆಯಾ? ಒಬ್ರೇ ಇದ್ದೀರಾ?”

“ಇದೆ. ಒಬ್ನೇ.”

“ಸರಿ. ನೆಲದ ಮೇಲೆ ಕೂತ್ಕೊಳ್ಳಿ. ಬೆನ್ನು ಗೋಡೆಗೆ ಕೊಡಿ. ಬಾಗಿಲು ಮುಟ್ಟಬೇಡಿ. ನಾನು ಫೋನ್ ಇಡಲ್ಲ, ಮನೆಯೊಡತಿ ಹತ್ರ ಇಳಿದು ಹೋಗ್ತಾ ಇದ್ದೀನಿ, ನನ್ನ ಹೆಜ್ಜೆ ಸದ್ದು ಕೇಳಿಸ್ತಿದೆಯಲ್ಲ?”

ಕೇಳಿಸುತ್ತಿತ್ತು. ಅವಳು ಮೆಟ್ಟಿಲಿಳಿದಳು, ಬಾಗಿಲು ತಟ್ಟಿದಳು, ಕೈಸನ್ನೆಯಲ್ಲೋ ಮತ್ತೆ ಹೇಗೋ ಮನೆಯೊಡತಿಗೆ ತಿಳಿಸಿದಳು. ಮನೆಯೊಡತಿ ಇನ್ನೊಂದು ಫೋನಿನಲ್ಲಿ ಯಾರನ್ನೋ ಕರೆದಳು. ಇದೆಲ್ಲದರ ನಡುವೆ ಅವಳ ಮಾತು ಇವನ ಕಿವಿಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. “ಮೆಕ್ಯಾನಿಕ್ ಹೊರಟಿದ್ದಾನಂತೆ. ಅರ್ಧ ಗಂಟೆ. ಗಾಳಿ ಬೇಕಾದಷ್ಟಿದೆ, ಮೇಲೆ ಕಿಂಡಿ ಇದೆ ನೋಡಿ. ಲಿಫ್ಟು ಕೆಳಗೆ ಬೀಳಲ್ಲ. ಹಗ್ಗ ಒಂದಲ್ಲ, ಐದಾರು ಇರ್ತವೆ, ಒಂದೇ ಇದ್ರೂ ಸಾಕು ತಡೆಯೋಕೆ.”

ಹಗ್ಗದ ಮಾತು ಅವನದೇ. ಮದುವೆಯಾದ ಹೊಸದರಲ್ಲಿ ಊಟ ಮಾಡುತ್ತಾ ಅವಳಿಗೆ ಹೇಳಿದ್ದ. ಅದು ಅವಳ ಬಾಯಲ್ಲಿ ಇಷ್ಟು ವರ್ಷ ಓಡಾಡಿ, ಎಷ್ಟು ಜನರ ಜೀವಕ್ಕೆ ಸಮಾಧಾನವಾಗಿ, ಇವತ್ತು ಅವನ ಕಿವಿಗೇ ಬಂತು. ಅವನ ಉಸಿರು ತಹಬಂದಿಗೆ ಬಂತು. ಕೂತ. ಊರಲ್ಲಿ ಅಷ್ಟು ಜನ ಕೇಳಿದ ಈ ದನಿಯನ್ನು ಗಂಡನಾಗಿ ಅವನು ಮಾತ್ರ ಕೇಳಿರಲಿಲ್ಲ.

“ಇದ್ದೀರಾ?”

“ಇದ್ದೀನಿ.”

“ಹಾಗಾದ್ರೆ ಹೇಳಿ. ಮನೆಗೆ ಹೋದ ತಕ್ಷಣ ಮೊದಲು ಏನು ಮಾಡ್ತೀರಿ?”

ಅವಳು ಅಭ್ಯಾಸಬಲದಿಂದ ಕೇಳಿದ್ದಳು. ಮನೆ ಅಂದರೆ ಐದನೇ ಮಹಡಿ ಅಂತ ತಿಳಿದು, ಅವನು ಕಾಫಿ ಕುಡಿಯುತ್ತೇನೆ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ದನಿಗೆ ಸುಳ್ಳು ಹೇಳಲು ಅವನಿಗೆ ಆಗಲಿಲ್ಲ.

“ಬೀರು ಬೀಗ ತೆಗೀತೀನಿ,” ಅಂದ. “ಕರ್ಚೀಫ್ ಬಿಚ್ತೀನಿ. ಆ ಫೋನನ್ನ ಚಾರ್ಜಿಗೆ ಹಾಕ್ತೀನಿ.”

“ಯಾಕೆ?”

“ಸಹಿ ಹಾಕಿದ್ದೀನಿ ಕಣೇ. ಹದಿನಾಲ್ಕು ಮಹಡಿಯವರಿಗೆ. ಮೂರು ವರ್ಷಕ್ಕೆ. ಹೊರಡೋ ಹಿಂದಿನ ದಿನ.”

ಮಾತು ನಿಂತಿತು. ಮೂವತ್ತೊಂದು ವರ್ಷ ಆ ಫೋನಿನಲ್ಲಿ ಮಾತು ನಿಲ್ಲಿಸದವಳು ಸುಮ್ಮನಾದಳು. ಲಿಫ್ಟಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. ಅವಳ ಉಸಿರೂ ಕೇಳಿಸಲಿಲ್ಲ. ಹೊರಟುಹೋದಳು ಅನ್ನಿಸಿ ಕೂಗಿದ.

“ಲೇ! ಇದ್ದೀಯಾ?”

“ಇದ್ದೀನಿ,” ಅಂದಳು, ತುಂಬ ಹೊತ್ತಿನ ಮೇಲೆ. “ಬಾಗಿಲು ತೆಗೆಯೋ ತನಕ ಫೋನ್ ಇಡಲ್ಲ. ಯಾರಿಗೂ ಇಟ್ಟಿಲ್ಲ, ನಿಮಗೂ ಇಡಲ್ಲ. ಆದ್ರೆ ಮಾತಾಡು ಅಂತ ಮಾತ್ರ ಹೇಳ್ಬೇಡಿ.”

ಹಾಗಾಗಿ ಉಳಿದ ಅರ್ಧ ಗಂಟೆ ಅವನೇ ಮಾತಾಡಬೇಕಾಯಿತು. ಮಾತು ಬಾರದ ಮನುಷ್ಯ ಗೋಡೆಗೆ ಒರಗಿ, ಬ್ರೆಡ್ಡಿನ ಪೊಟ್ಟಣ ಹಿಸುಕುತ್ತಾ ಒದರಿದ. ಹೆದರಿಕೆ ಆಯಿತು ಅಂದ. ಅಂಗಡಿಯ ಬೀಗದ ಕೈ ಕೊಟ್ಟುಬಿಟ್ಟ ದಿನ ಜೇಬು ಹಗುರಾಗಿ, ದಾರಿಯಲ್ಲಿ ನಾನು ಯಾರು ಅಂತಲೇ ತಿಳಿಯಲಿಲ್ಲ ಅಂದ. ನಿನಗೆ ಊರೆಲ್ಲ ಮಾತಾಡಿಸಲು ಬರುತ್ತದೆ, ನನಗೆ ಈ ಒಂದು ಕೆಲಸ ಬಿಟ್ಟರೆ ಏನೂ ಬರುವುದಿಲ್ಲ, ನಿನ್ನ ಎದುರಿಗೆ ದಿನವಿಡೀ ಕೂತರೆ ಮೂರನೇ ದಿನಕ್ಕೆ ನಿನಗೆ ನಾನು ಬೇಜಾರಾಗುತ್ತೇನೆ ಅಂತ ಭಯ ಅಂದ. ಸಹಿ ಹಾಕುವಾಗ ನಿನ್ನ ನೆನಪು ಬರಲಿಲ್ಲ, ಅದೇ ದೊಡ್ಡ ತಪ್ಪು, ಫೋನು ತನ್ನಷ್ಟಕ್ಕೆ ತಾನೇ ಎತ್ತಿಕೊಳ್ಳುತ್ತದೆ ಅಂದುಕೊಂಡವನ ಹಾಗೆ ಸಹಿ ಹಾಕಿದೆ ಅಂತಲೂ ಅಂದ.

ಕೊನೆಗೆ ಲಿಫ್ಟು ಒಮ್ಮೆ ಅದುರಿ ನಾಲ್ಕನೇ ಮಹಡಿಗೆ ಏರಿತು, ಬಾಗಿಲು ತೆರೆಯಿತು. ಯಂತ್ರದ ಕೋಣೆಯಿಂದ ಇಳಿದು ಬಂದ ಮೆಕ್ಯಾನಿಕ್ಕು ದಪ್ಪನೆಯ ಮನುಷ್ಯ, ಕೈಯೆಲ್ಲ ಗ್ರೀಸು. ಲಿಫ್ಟಪ್ಪನನ್ನು ನೋಡಿದ, ಅವನ ಜೇಬಿನ ಸ್ಕ್ರೂಡ್ರೈವರು ನೋಡಿದ, ಬಾಗಿಲ ಅಂಚಿನ ಮೇಲಿದ್ದ ಬೆರಳಿನ ಗುರುತು ನೋಡಿದ. ತೋರುಬೆರಳು ಆಡಿಸಿ ಗದರಿಸಿದ, ಆಮೇಲೆ ನಕ್ಕು ಹೆಗಲು ತಟ್ಟಿದ. ಅಷ್ಟರಲ್ಲಿ ಮೆಕ್ಯಾನಿಕ್ಕನ ಜೇಬಿನ ಫೋನು ಹೊಡೆದುಕೊಂಡಿತು. ಆಚೆಯಿಂದ ಹೆಂಗಸಿನ ದನಿ. ಇನ್ನೆಲ್ಲೋ ಇನ್ನೊಂದು ಲಿಫ್ಟು ನಿಂತಿರಬೇಕು.

ಲಿಫ್ಟಪ್ಪನ ಫೋನಿನಲ್ಲಿ ಟಕ್ ಅಂತ ಸದ್ದಾಯಿತು. ಬಾಗಿಲು ತೆರೆದದ್ದು ಕೇಳಿಸಿದ ಮೇಲೆ ಅವಳು ಇಟ್ಟಿದ್ದಳು.

ಮೆಟ್ಟಿಲು ಹತ್ತಿ ಮನೆಗೆ ಬಂದರೆ ಅವಳು ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. ಅತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಮುಖ ಮಾತ್ರ ಗಂಟು.

“ಕೆಲಸ ಬಿಡಿ ಅಂತ ನಾನು ಹೇಳಲ್ಲ,” ಅಂದಳು. “ಅದು ನಿಮ್ಮ ಕೆಲಸ, ನಿಮ್ಮ ಕೈ. ಆದ್ರೆ ಫೋನ್ ನನ್ನದು. ಅದನ್ನ ನಾನು ಎತ್ತಲ್ಲ. ಆ ಸೆಕ್ರೆಟರಿಗೆ ಈಗ್ಲೇ ಹೇಳಿ, ನನಗೂ ಕೇಳಿಸೋ ಹಾಗೆ ಹೇಳಿ.”

ಅವನು ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ ಕರೆ ಮಾಡಿದ. ಸೆಕ್ರೆಟರಿ ಎರಡನೇ ರಿಂಗಿಗೇ ಎತ್ತಿದ. ಸೋಮವಾರ ಬರುತ್ತೇನೆ, ಆದರೆ ನಮ್ಮ ಮನೆಯವಳು ಇನ್ನು ಫೋನು ಎತ್ತುವುದಿಲ್ಲ, ಬೇರೆ ಏನಾದರೂ ಏರ್ಪಾಡು ಮಾಡೋಣ ಅಂದ ಲಿಫ್ಟಪ್ಪ.

“ಸಾರ್, ತಪ್ಪು ತಿಳ್ಕೋಬೇಡಿ,” ಅಂದ ಸೆಕ್ರೆಟರಿ. “ಲಿಫ್ಟ್ ರಿಪೇರಿಗೆ ಬೇಕಾದಷ್ಟು ಜನ ಸಿಗ್ತಾರೆ. ದೊಡ್ಡ ದೊಡ್ಡ ಕಂಪನಿಯವರೇ ಬಂದಿದ್ರು. ನಮ್ಮ ಕಮಿಟಿ ನಿಮ್ಮನ್ನೇ ಅಂದಿದ್ದು ಫೋನಮ್ಮನಿಗೋಸ್ಕರ. ನಮ್ಮ ತಾಯಿ ಒಂದ್ಸಲ ಒಂದು ಗಂಟೆ ಒಳಗಿದ್ರಲ್ಲ, ಈಗ್ಲೂ ಬಂದವರಿಗೆಲ್ಲ ಆ ಕಥೆ ಹೇಳ್ತಾರೆ. ಅಮ್ಮನೇ ಇಲ್ಲ ಅಂದ್ರೆ ಕಮಿಟಿ ಮತ್ತೆ ಕೂತು ಯೋಚನೆ ಮಾಡ್ಬೇಕಾಗುತ್ತೆ.”

ಲಿಫ್ಟಪ್ಪನ ಮುಖ ಸುಟ್ಟ ಹಾಗಾಯಿತು. ಬೇರೆಯವರ ಮೇಲೆ ನಂಬಿಕೆ ಇಲ್ಲ ಅಂದದ್ದು ನನ್ನ ಕೈಕೆಲಸ ನೋಡಿ ಅಂದುಕೊಂಡಿದ್ದ. ಅದೇ ಮಾತನ್ನು ಜೇಬಿನಲ್ಲಿಟ್ಟುಕೊಂಡು ಅರ್ಧ ಪ್ರಪಂಚ ಸುತ್ತಿದ್ದ. ಹೆಂಡತಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳು ಕುರ್ಚಿಯಿಂದ ಮುಂದೆ ಬಾಗಿ ಫೋನಿನ ಹತ್ತಿರ ಬಾಯಿ ತಂದಳು.

“ನಿಮ್ಮ ತಾಯಿ ಹೇಗಿದ್ದಾರಪ್ಪಾ? ಎಡಗಾಲು ಮಂಡಿ ನೋವು ಅಂತಿದ್ರು.”

“ಅಯ್ಯೋ, ಅಮ್ಮಾ! ನಿಮಗಿನ್ನೂ ನೆನಪಿದೆಯಾ? ಚೆನ್ನಾಗಿದ್ದಾರೆ. ಕೋಲು ಹಿಡಿದು ಓಡಾಡ್ತಾರೆ.”

“ಮನೆಗೆ ಹೋದ ತಕ್ಷಣ ಮೊಮ್ಮಗಳಿಗೆ ಜಡೆ ಹಾಕ್ತೀನಿ ಅಂದಿದ್ರು,” ಅಂದಳು ಅವಳು. ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆಯಿತು. ಮೂವತ್ತೊಂದು ವರ್ಷದಲ್ಲಿ ಯಾರೋ ಒಬ್ಬರು ನೆನೆಸಿಕೊಂಡಿದ್ದರು. ಅದು ಅವಳಿಗೆ ಗೊತ್ತಾದದ್ದು, ಇನ್ನು ಎತ್ತುವುದಿಲ್ಲ ಅಂದ ದಿನ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹಿಂದಕ್ಕೆ ಒರಗಿದಳು. ಎತ್ತುತ್ತೇನೆ ಅಂತ ಮಾತ್ರ ಹೇಳಲಿಲ್ಲ.

ಸೆಕ್ರೆಟರಿ ಕಾಯುತ್ತಿದ್ದ. ಎತ್ತುತ್ತೀನಿ ಅನ್ನು ಅಂತ ಗಂಡ ಬರೀ ಕಣ್ಣಿನಲ್ಲಿ ಕೇಳಿದ್ದರೂ ಅವಳು ಆ ಗಳಿಗೆಯಲ್ಲಿ ಕರಗಿಬಿಡುತ್ತಿದ್ದಳೇನೋ. ಲಿಫ್ಟಪ್ಪನಿಗೂ ಅದು ತಿಳಿಯಿತು. ಅವನು ಅವಳ ಕಡೆ ತಿರುಗಲಿಲ್ಲ.

“ಕಮಿಟಿ ಕೂರೋದೇನೂ ಬೇಡ,” ಅಂದ ಫೋನಿಗೆ. “ನಾನೇ ಬಿಡ್ತಾ ಇದ್ದೀನಿ. ಕಾಗದ ಹರಿದು ಹಾಕಿ. ಬಾಗಿಲ ಪಕ್ಕದ ಆ ಕೆಂಪು ನಂಬರನ್ನ ಅಳಿಸಿಬಿಡಿ, ದಯವಿಟ್ಟು.”

ಅಲ್ಲಿಗೆ ಅವನ ಚಡಪಡಿಕೆ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಹೆಚ್ಚಾಯಿತು. ಎರಡು ದಿನ ಊಟ ಸೇರಲಿಲ್ಲ, ದೋಣಿ ಎಣಿಸಿದ, ಮೆಟ್ಟಿಲು ಎಣಿಸಿದ. ಅವಳು ಈಜಿ ಬಂದು ಕೂದಲು ಒರೆಸಿಕೊಳ್ಳುತ್ತಾ ಅವನನ್ನು ನೋಡುತ್ತಿದ್ದಳು, ಬೇಕಾದಷ್ಟೇ ಮಾತಾಡುತ್ತಿದ್ದಳು. ಮೂರನೇ ದಿನ ಬೆಂಚಿನ ಮೇಲೆ ಅವನು ಇದ್ದಕ್ಕಿದ್ದಂತೆ ಕೇಳಿದ: “ಮನೆಗೆ ಹೋದ ತಕ್ಷಣ ನೀನು ಮೊದಲು ಏನು ಮಾಡ್ತೀಯೇ?”

ಅವಳು ಟವೆಲು ಕೆಳಗಿಟ್ಟಳು. “ಇದನ್ನ ನಾನು ಎಷ್ಟು ಜನರಿಗೆ ಕೇಳಿದ್ದೀನೋ ಲೆಕ್ಕ ಇಲ್ಲ. ನನ್ನನ್ನ ಕೇಳಿದ್ದು ನೀವೇ ಮೊದಲು.” ಒದ್ದೆ ಕೂದಲು ಹಿಂಡಿಕೊಂಡಳು. “ಗೊತ್ತಿಲ್ಲ ರೀ. ಯೋಚನೆ ಮಾಡಿ ಹೇಳ್ತೀನಿ. ಬೇಜಾರಾಗುತ್ತೆ ಅಂದ್ರಲ್ಲ ಮೂರನೇ ದಿನಕ್ಕೆ, ತೊಂಬತ್ತೈದು ದಿನ ಆಯ್ತು. ಸಿಟ್ಟು ಬಂದಿದೆ, ಬೇಜಾರು ಬಂದಿಲ್ಲ.”

ಹೊರಡುವ ಬೆಳಗ್ಗೆ ಮನೆಯೊಡತಿ ಕೆಳಗೆ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಫೋನಮ್ಮ ಎರಡೂ ಸೂಟ್‌ಕೇಸು ಲಿಫ್ಟಿನೊಳಗೆ ತಳ್ಳಿದಳು. ಲಿಫ್ಟಪ್ಪ ಎಂದಿನ ಹಾಗೆ ಮೆಟ್ಟಿಲ ಕಡೆ ತಿರುಗಿದ.

“ಬನ್ನಿ,” ಅಂದಳು ಅವಳು, ಬಾಗಿಲಿಗೆ ಕಾಲು ಅಡ್ಡ ಕೊಟ್ಟು.

“ನೀನು ಹೋಗೇ. ಇಬ್ರೂ ಸಿಕ್ಕಿಹಾಕ್ಕೊಂಡ್ರೆ ಫೋನ್...” ಅಭ್ಯಾಸದ ಮಾತು ಬಾಯಿಗೆ ಬಂದು ಅರ್ಧಕ್ಕೇ ನಿಂತಿತು.

“ಸಿಕ್ಕಿಹಾಕ್ಕೊಂಡ್ರೆ ಸಿಕ್ಕಿಹಾಕ್ಕೊಳ್ಳೋಣ. ಬನ್ನಿ.”

ಅವನು ಹತ್ತಿದ. ಬಾಗಿಲು ಮುಚ್ಚಿತು. ಇಬ್ಬರೂ ಬಾಗಿಲಿಗೆ ಮುಖ ಮಾಡಿ, ಹೊಸದಾಗಿ ಮದುವೆಯಾದವರ ಹಾಗೆ ಸೆಟೆದು ನಿಂತರು. ಮೂರನೇ ಮಹಡಿ ಬಂತು. ಆ ದಪ್ಪ ಮೆಕ್ಯಾನಿಕ್ಕು ಕೆಲಸ ಬಲ್ಲವನು, ಬಾಗಿಲು ಸದ್ದು ಮಾಡಲಿಲ್ಲ. ಆದರೂ ಲಿಫ್ಟಪ್ಪನ ಕೈ ತಾನಾಗಿಯೇ ಬಾಗಿಲ ಅಂಚಿನ ಕಡೆ ಹೊರಟಿತು. ಅವಳು ಆ ಕೈಯನ್ನು ನಡುದಾರಿಯಲ್ಲೇ ಹಿಡಿದುಕೊಂಡಳು. ಬಾಗಿಲು ತೆರೆಯುವ ತನಕ ಬಿಡಲಿಲ್ಲ.